ಎಲ್ಲಾ ಹೊಡೆಯೋ ಕಾರ್ಡೇ ಆದ್ರೆ ಬದುಕೋದು ಯಾವ್ದು?

ಡಬ್ಬದ ಲೆಕ್ಕ | 1/12

ನೇರವಾಗಿ ಹೇಳ್ಬಿಡ್ತೀನಿ. ನೀವು ಸ್ವಂತ ಡ್ರಾಫ್ಟ್ ಡಬ್ಬ ಕಟ್ತಾ ಇದ್ರೆ, ಅದರಲ್ಲಿ ಅತಿ ಹೆಚ್ಚು ತಲೆ ಓಡಿಸಿ ಹಾಕ್ಬೇಕಾದ್ದು ದೊಡ್ಡ ಆನೆ ಕಾರ್ಡೂ ಅಲ್ಲ, ಹೊಳೆಯೋ ಹುಲಿ ಕಾರ್ಡೂ ಅಲ್ಲ. ರಿಮೂವಲ್. ಅಂದ್ರೆ ಎದುರಾಳಿ ಇಳಿಸಿದ ಪ್ರಾಣಿಯನ್ನ ಟೇಬಲ್ ಮೇಲಿಂದ ಎತ್ತಿಸೋ ಕಾರ್ಡು.

ಕಳೆದ ಪೋಸ್ಟಿನ ಕೆಳಗೆ ಜೂನಿಯರ್ ಒಬ್ಬ ಕೇಳಿದ್ದ: "ಅಣ್ಣಾ, 360 ಕಾರ್ಡಲ್ಲಿ ರಿಮೂವಲ್ ಎಷ್ಟು ಹಾಕ್ಲಿ?" ಒಂದು ನಂಬರ್ ಹೇಳಿ ಮುಗಿಸಬಹುದಿತ್ತು. ಆದ್ರೆ ನಂಬರ್ ಒಂದೇ ಹೇಳಿದ್ರೆ ಪ್ರಯೋಜನ ಇಲ್ಲ. ಎಷ್ಟು ಅನ್ನೋದಕ್ಕಿಂತ ಎಂಥದ್ದು ಅನ್ನೋದು ಮುಖ್ಯ.

ನನ್ನ ಅಭಿಪ್ರಾಯ ಇಷ್ಟು: ರಿಮೂವಲ್ ಇರಲೇಬೇಕು, ಸಾಕಷ್ಟು ಇರ್ಬೇಕು, ಆದ್ರೆ ಅಗ್ಗಕ್ಕೆ ಸಿಗಬಾರದು. ಪ್ರತಿಯೊಂದಕ್ಕೂ ಎದುರಿನವರು ತಪ್ಪಿಸಿಕೊಳ್ಳೋಕೆ ಒಂದು ದಾರಿ ಇರ್ಬೇಕು. ಆ ದಾರಿ ಇಲ್ಲದ ಡಬ್ಬದಲ್ಲಿ ಹಳಬರಿಗೆ ಮಾತ್ರ ಮಜಾ. ಹೊಸಬರು ಎರಡು ವಾರ ಬಂದು ಮೂರನೇ ವಾರ "ಟೆಸ್ಟ್ ಇದೆ" ಅಂತಾರೆ.

ಯಾಕೆ, ಹೇಗೆ ಅಂತ ಮುಂದಿನ ಹನ್ನೊಂದು ತುಣುಕಲ್ಲಿ ಬರೆದಿದ್ದೀನಿ. ಉದ್ದ ಆಯ್ತು ಅಂತ ಬೈಬೇಡಿ. ಬಸ್ಸಲ್ಲಿ ಓದ್ಕೊಳ್ಳಿ.

ಡಬ್ಬದ ಲೆಕ್ಕ | 2/12
ಹೊಸಬರಿಗೆ ಮೊದಲು

ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡಾಟ ಬಂದದ್ದು 1993ರಲ್ಲಿ. ಮಾಡಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತದವರು. ಪ್ಯಾಕ್ ಕೊಂಡು, ಒಳ್ಳೆ ಕಾರ್ಡು ಕೂಡಿಟ್ಟು, ಡೆಕ್ ಕಟ್ಟಿ ಆಡೋದು ಅದರ ಮಾಮೂಲಿ ರೀತಿ. ಅದಕ್ಕೆ ದುಡ್ಡು ಬೇಕು.

ಡ್ರಾಫ್ಟ್ ಅಂದ್ರೆ ಬೇರೆ. ಎಂಟು ಜನ ಸುತ್ತ ಕೂರ್ತಾರೆ. ಒಬ್ಬೊಬ್ಬರಿಗೆ 15 ಕಾರ್ಡಿನ ಮೂರು ಪ್ಯಾಕ್. ಒಂದು ಪ್ಯಾಕ್ ತೆರೆದು, ಒಂದೇ ಕಾರ್ಡ್ ಇಟ್ಕೊಂಡು, ಉಳಿದದ್ದನ್ನ ಪಕ್ಕದವರಿಗೆ ದಾಟಿಸ್ತೀರಿ. ಅವರೂ ಒಂದು ಎತ್ತಿ ದಾಟಿಸ್ತಾರೆ. ಹೀಗೆ ಸುತ್ತುತ್ತಾ ಕೊನೆಗೆ ಪ್ರತಿಯೊಬ್ಬರ ಕೈಲಿ 45 ಕಾರ್ಡ್. ಅದರಲ್ಲಿ ಸುಮಾರು 23 ಆರಿಸಿ, 17 ನೆಲದ ಕಾರ್ಡ್ ಸೇರಿಸಿ, 40ರ ಡೆಕ್ ಕಟ್ಟಿ ಆಡ್ತೀರಿ.

ಕ್ಯೂಬ್ ಅಂದ್ರೆ ಆ ಪ್ಯಾಕುಗಳನ್ನ ಅಂಗಡಿಯಿಂದ ತರೋ ಬದಲು ನೀವೇ ಕೂಡಿಟ್ಟ ಕಾರ್ಡಿನ ಗುಡ್ಡೆ. 8 × 45 = 360. ನಮ್ಮ ಟೇಬಲ್ ಭಾಷೇಲಿ ಅದು "ಡಬ್ಬ". ಆಡಿ ಮುಗಿದ ಮೇಲೆ ಎಲ್ಲಾ ವಾಪಸ್ ಡಬ್ಬಕ್ಕೆ. ಯಾರಿಗೂ ಏನೂ ಸ್ವಂತ ಅಲ್ಲ. ಶ್ರೀಮಂತರ ಮನೆ ಹುಡುಗನಿಗೂ, ಬಸ್ ಪಾಸಲ್ಲಿ ಬರೋ ಹುಡುಗಿಗೂ ಅದೇ 15 ಕಾರ್ಡ್.

ನಮ್ಮದು ಬಂಡೀಪುರದ ಡಬ್ಬ. ಹಳೇ ಲಗ್ನಪತ್ರಿಕೆ ಕತ್ತರಿಸಿ, ಮೇಲೆ ಪ್ರಿಂಟ್ ಅಂಟಿಸಿ, ಸ್ಲೀವ್ ಹಾಕಿದ್ದು. ನಿಯಮ ಮ್ಯಾಜಿಕ್‌ದು, ಪ್ರಾಣಿಗಳು ನಮ್ಮ ಕಾಡಿನವು.

ಡಬ್ಬದ ಲೆಕ್ಕ | 3/12
ಇದರಲ್ಲಿ ಅಂಥ ದೊಡ್ಡ ವಿಷಯ ಏನಿದೆ?

ಬೆಂಗಳೂರಲ್ಲಾದ್ರೆ ಒಂದು ಟೇಬಲ್ ಸರಿ ಇಲ್ಲ ಅಂದ್ರೆ ಇನ್ನೊಂದು ಟೇಬಲ್ ಹುಡುಕಬಹುದು. ನಮ್ಮಲ್ಲಿ ಇರೋದು ಒಂದೇ ಟೇಬಲ್ ಕಣ್ರಪ್ಪಾ. ಎಂಟು ಜನ ಸೇರಿದ್ರೆ ಡ್ರಾಫ್ಟ್. ಅದರಲ್ಲಿ ಗುಂಡ್ಲುಪೇಟೆಯಿಂದ, ತೆರಕಣಾಂಬಿಯಿಂದ ಬಸ್ ಹಿಡಿದು ಬರೋರು ಇದ್ದಾರೆ. ಸಂಜೆ ಬಸ್ಸಿನ ಟೈಮ್ ನೋಡ್ಕೊಂಡು ಆಡ್ತಾರೆ. ಇಬ್ಬರು ಬರೋದು ಬಿಟ್ರೆ ಆರು. ಇನ್ನಿಬ್ಬರು ಬಿಟ್ರೆ ನಾಲ್ಕು. ನಾಲ್ಕು ಜನರ ಡ್ರಾಫ್ಟಲ್ಲಿ ಮಜಾ ಇಲ್ಲ ಅಂತ ಆ ನಾಲ್ಕು ಜನವೂ ಮೊಬೈಲ್ ಗೇಮ್‌ಗೆ ವಾಪಸ್.

ಬಿಡೋರು ಯಾಕೆ ಬಿಡ್ತಾರೆ? ಸೋತಿದ್ದಕ್ಕೆ ಅಲ್ಲ. ಸೋಲೋದು ಎಲ್ಲರಿಗೂ ಅಭ್ಯಾಸ. ಆಡೋಕೇ ಬಿಡಲಿಲ್ಲ ಅನ್ನೋದಕ್ಕೆ ಬಿಡ್ತಾರೆ. ಮೂರನೇ ಸರದಿಗೆ ಪ್ರೀತಿಯಿಂದ ಆರಿಸಿದ ಕಾಟಿ ಇಳಿಸ್ತಾಳೆ, ಸತ್ತಿತು. ನಾಲ್ಕನೇದಕ್ಕೆ ಕಡವೆ, ಅದೂ ಸತ್ತಿತು. ಐದಕ್ಕೆ ಆನೆ, ಒಂದು ಮನಾ ಕಾರ್ಡಿಗೆ ಅದೂ ಹೋಯ್ತು. ಎದುರಿಗೆ ಕೂತವನಿಗೆ ಖುಷಿ. ಇವಳ ಕೈಲಿ 45 ಕಾರ್ಡ್ ಆರಿಸೋಕೆ ಖರ್ಚು ಮಾಡಿದ ಮುಕ್ಕಾಲು ಗಂಟೆಗೆ ಏನು ಬೆಲೆ?

ಡಬ್ಬ ಕಟ್ಟೋನು ಹೋಟೆಲಲ್ಲಿ ಅಡುಗೆ ಮಾಡೋನ ಥರ. ತನ್ನ ನಾಲಿಗೆಗೆ ಖಾರ ಅಭ್ಯಾಸ ಅಂತ ಎಲ್ಲರ ತಟ್ಟೆಗೂ ಅದೇ ಖಾರ ಹಾಕೋಕಾಗಲ್ಲ.

ಡಬ್ಬದ ಲೆಕ್ಕ | 4/12
ಈಗ ಲೆಕ್ಕ. ಪೆನ್ ತಗೊಳ್ಳಿ

360 ಕಾರ್ಡಲ್ಲಿ 72 ರಿಮೂವಲ್ ಇದೆ ಅಂದ್ಕೊಳ್ಳಿ. ಐದಕ್ಕೊಂದು. ಕೇಳೋಕೆ ಜಾಸ್ತಿ ಅನ್ಸಲ್ಲ. 15ರ ಪ್ಯಾಕಲ್ಲಿ ಸರಾಸರಿ 3. ಎಂಟು ಜನ ಸಮವಾಗಿ ಹಂಚಿಕೊಂಡ್ರೆ ತಲೆಗೆ 9.

ಆಟದಲ್ಲಿ ಮೊದಲ ಕೈ 7 ಕಾರ್ಡ್. ಆರು ಸಲ ಎಳೆದ್ರೆ ಒಟ್ಟು 13 ನೋಡಿರ್ತೀರಿ. 40ರ ಡೆಕ್ಕಲ್ಲಿ 9 ರಿಮೂವಲ್ ಇದ್ರೆ, ಆ 13ರಲ್ಲಿ ಸರಾಸರಿ ಸುಮಾರು 3 ಬರುತ್ತೆ. ಎದುರಿನವರ ಡೆಕ್ಕಲ್ಲಿ 14 ಪ್ರಾಣಿ ಇದ್ರೆ, ಅದೇ 13ರಲ್ಲಿ ಅವರಿಗೆ ಬರೋದು ಸುಮಾರು ನಾಲ್ಕೂವರೆ. ಅಂದ್ರೆ ಅವರು ಇಳಿಸಿದ ನಾಲ್ಕೈದರಲ್ಲಿ ಮೂರು ಸತ್ತಿರುತ್ತೆ. ಉಳಿಯೋದು ಒಂದೋ ಎರಡೋ.

ಈಗ 48 ಹಾಕಿ ನೋಡಿ. ಪ್ಯಾಕಿಗೆ 2, ತಲೆಗೆ 6, ಆರನೇ ಸರದಿ ಹೊತ್ತಿಗೆ ಕೈಗೆ ಬರೋದು ಸುಮಾರು 2. ನಾಲ್ಕೈದರಲ್ಲಿ ಎರಡು ಸಾಯುತ್ತೆ, ಎರಡೋ ಮೂರೋ ಉಳಿಯುತ್ತೆ. ಅಲ್ಲಿ ಯುದ್ಧ ನಡೆಯುತ್ತೆ.

24 ಹಾಕಿದ್ರೆ? ತಲೆಗೆ 3, ಕೈಗೆ ಬರೋದು ಒಂದು. ಆಗ ಮೊದಲು ದೊಡ್ಡ ಆನೆ ಇಳಿಸಿದವನೇ ಗೆದ್ದ. ಎದುರಿನವರು ಸುಮ್ನೆ ನೋಡ್ತಾ ಕೂರ್ಬೇಕು. ಅದೂ ಆಟ ಅಲ್ಲ.

ಅದಕ್ಕೇ 360ಕ್ಕೆ 45ರಿಂದ 50ರೊಳಗೆ ಶುರು ಮಾಡಿ ಅಂತೀನಿ. ಜೂನಿಯರ್ ಕೇಳಿದ ನಂಬರ್ ಇದು. ಆದ್ರೆ ಇಲ್ಲಿಗೇ ಓದೋದು ನಿಲ್ಲಿಸಿದ್ರೆ ಡಬ್ಬ ಕೆಡುತ್ತೆ. ಯಾಕಂದ್ರೆ ಈ 48ರಲ್ಲಿ ಎಲ್ಲವೂ ಒಂದು ಮನಾದ್ದಾದ್ರೆ 72 ಹಾಕಿದ್ದಕ್ಕಿಂತ ಕಷ್ಟ.

ಡಬ್ಬದ ಲೆಕ್ಕ | 5/12
ಬೆಲೆ

1993ರ ಮೊದಲ ಸೆಟ್ಟಲ್ಲೇ ಮೂರು ಪ್ರಸಿದ್ಧ ರಿಮೂವಲ್ ಇದ್ವು. ಲೈಟ್ನಿಂಗ್ ಬೋಲ್ಟ್: 1 ಕೆಂಪು ಮನಾ, 3 ಏಟು. ಸೋರ್ಡ್ಸ್ ಟು ಪ್ಲೌಶೇರ್ಸ್: 1 ಬಿಳಿ ಮನಾ, ಯಾವ ಪ್ರಾಣಿಯಾದ್ರೂ ಆಟದಿಂದಲೇ ಹೊರಗೆ, ಬದಲಿಗೆ ಅದರ ಬಲದಷ್ಟು ಜೀವ ಎದುರಾಳಿಗೆ. ಟೆರರ್: 2 ಮನಾ, ಆದ್ರೆ ಕಪ್ಪು ಪ್ರಾಣಿಗೂ ಯಂತ್ರದ ಪ್ರಾಣಿಗೂ ತಾಗಲ್ಲ. ಮುಂದೆ 2012ರಲ್ಲಿ ಮರ್ಡರ್ ಬಂತು: 3 ಮನಾ, ಷರತ್ತೇ ಇಲ್ಲ.

ಇದನ್ನ ಮನಾ ಲೆಕ್ಕದಲ್ಲಿ ನೋಡಿ. ಪ್ರತಿ ಸರದಿ ನೆಲ ಸಿಕ್ಕಿದ್ರೆ ಆರನೇ ಸರದಿವರೆಗೆ ನಿಮಗೆ ಸಿಗೋದು ಒಟ್ಟು 1+2+3+4+5+6, ಅಂದ್ರೆ 21 ಮನಾ. ನೀವು 5 ಕೊಟ್ಟು ಆನೆ ಇಳಿಸಿದ್ರಿ. ಎದುರಿನವನು 1 ಕೊಟ್ಟು ಓಡಿಸಿದ. ಉಳಿದ 4 ಮನಾದಲ್ಲಿ ಅವನು ತನ್ನ ಪ್ರಾಣಿಯನ್ನೂ ಇಳಿಸಿದ. ನಿಮ್ಮ 21ರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಗಾಳಿಗೆ ಹೋಯ್ತು. ಇಂಥದ್ದು ಎರಡು ಸಲ ಆದ್ರೆ ಆಟ ಮುಗೀತು.

ಇದರ ಪರಿಣಾಮ ಇನ್ನೊಂದಿದೆ, ಅದು ನಿಧಾನಕ್ಕೆ ಕಾಣುತ್ತೆ. ದೊಡ್ಡ ಪ್ರಾಣಿ ಇಳಿಸೋದು ನಷ್ಟ ಅಂತ ಎಲ್ಲರೂ ಕಲಿತುಬಿಡ್ತಾರೆ. ಆಮೇಲೆ ಆನೆ ಕಾರ್ಡನ್ನ ಯಾರೂ ಎತ್ತಲ್ಲ. ಪ್ಯಾಕಿನ ಕೊನೇಲಿ ಆನೆಗಳೇ ಸುತ್ತುತ್ತಾ ಇರುತ್ತೆ. ನೀವು ಚಿತ್ರ ಹುಡುಕಿ, ಪ್ರಿಂಟ್ ತೆಗೆಸಿ, ಅಂಟಿಸಿ ಮಾಡಿದ ಕಾರ್ಡು ಒಂದ್ಸಲವೂ ಟೇಬಲ್ ನೋಡಲ್ಲ.

ನನ್ನ ನಿಯಮ: ಷರತ್ತಿಲ್ಲದೆ ಕೊಲ್ಲೋ ಕಾರ್ಡಿಗೆ 4 ಅಥವಾ 5 ಮನಾ. 1, 2 ಮನಾದ್ದು ಬೇಕಾದ್ರೆ ಅದಕ್ಕೆ ಕಡ್ಡಾಯವಾಗಿ ಒಂದು ಷರತ್ತು.

ಡಬ್ಬದ ಲೆಕ್ಕ | 6/12
ಹುಲಿ-ಕುರಿ ಆಟಕ್ಕೆ ಹೋಗೋಣ

ಷರತ್ತು ಅಂದ್ರೇನು ಅಂತ ಅರ್ಥ ಆಗೋಕೆ ಅಮೆರಿಕಾಗೆ ಹೋಗ್ಬೇಕಿಲ್ಲ. ದಕ್ಷಿಣ ಭಾರತದ ಎಷ್ಟೋ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಮನೆ ಕೆತ್ತಿರ್ತಾರೆ. ಎಲ್ಲಾದ್ರೂ ಕಂಡ್ರೆ ಕೂತು ಆಡಿ ನೋಡಿ. ಬಹಳ ಕಡೆ ಆಡೋ ರೀತೀಲಿ ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಕೊಲ್ಲೋ ಶಕ್ತಿ ಇದೆ. ಕುರಿಗೆ ಇಲ್ಲ. ಎಲ್ಲಾ ಕುರಿ ಇಳಿಸಿ ಮುಗಿಯೋವರೆಗೆ ಕುರಿ ನಡೆಯೋಕೂ ಆಗಲ್ಲ.

ಓದಿದ್ರೆ ಕುರಿ ಕಡೆಯವನು ಸತ್ತ ಅನ್ಸುತ್ತೆ ಅಲ್ವಾ? ಆದ್ರೂ ಹುಲಿ ಕಡೆಯವರು ಸೋಲ್ತಾರೆ, ಅಜ್ಜಿಯಂದಿರ ಕೈಲಿ ಸುಲಭವಾಗೇ ಸೋಲ್ತಾರೆ. ಯಾಕೆ? ಹುಲಿ ಕೊಲ್ಲೋದಕ್ಕೆ ಒಂದು ಷರತ್ತಿದೆ: ಕುರಿಯ ಹಿಂದಿನ ಮನೆ ಖಾಲಿ ಇರ್ಬೇಕು. ಅದನ್ನ ಹಾರಿ ಆ ಕಡೆ ಇಳಿದ್ರೆ ಮಾತ್ರ ಕುರಿ ಸಾಯೋದು. ಹಿಂದೆ ಇನ್ನೊಂದು ಕುರಿ ನಿಂತಿದ್ರೆ ಹುಲಿ ಎದುರಲ್ಲೇ ಇದ್ರೂ ಏನೂ ಮಾಡೋಕಾಗಲ್ಲ.

ಇಡೀ ಆಟ ಆ ಒಂದು ಖಾಲಿ ಮನೆ ಮೇಲೆ ನಿಂತಿದೆ. ಕುರಿ ಕಡೆಯವರು ಜೋಡಿಯಾಗಿ ನಿಲ್ಲಿಸೋದು ಕಲೀತಾರೆ. ಹುಲಿ ಕಡೆಯವರು ಜೋಡಿ ಒಡೆಯೋದು ಕಲೀತಾರೆ. ಷರತ್ತು ತೆಗೆದುಹಾಕಿ, "ಹುಲಿ ಪಕ್ಕದ ಕುರಿ ಸತ್ತಿತು" ಅಂತ ಮಾಡಿ ನೋಡಿ. ಹತ್ತು ನಿಮಿಷ ಆಡೋಕಾಗಲ್ಲ.

ಒಳ್ಳೆ ರಿಮೂವಲ್ ಅಂದ್ರೆ ಇದೇ. ಕಾರ್ಡು ಕೊಲ್ಲುತ್ತೆ, ಆದ್ರೆ ಎದುರಿನವರಿಗೆ ಹಿಂದಿನ ಮನೆ ತುಂಬೋ ಅವಕಾಶ ಇರುತ್ತೆ. ಸತ್ತಾಗ "ಛೇ, ಅಲ್ಲಿ ಜೋಡಿ ನಿಲ್ಲಿಸ್ಬೇಕಿತ್ತು" ಅಂತ ಅನ್ಸುತ್ತೆ. ಹಾಗೆ ಅನ್ಸಿದವರು ಮುಂದಿನ ವಾರ ಬರ್ತಾರೆ.

ಡಬ್ಬದ ಲೆಕ್ಕ | 7/12
ಷರತ್ತು ಹಾಕೋದು ಹೇಗೆ? ಬಂಡೀಪುರದ ಕೆಲವು ಕಾರ್ಡು

ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು. ಅಲ್ಲಿ ಹುಲಿ ಇದೆ, ಆದ್ರೆ ಹುಲಿಯ ಬೇಟೆ ಬಹುಪಾಲು ತಪ್ಪಿಹೋಗುತ್ತೆ. ಮರದ ಮೇಲಿನ ಮುಸುವ ಕೂಗಿದ್ರೆ ಕೆಳಗೆ ಮೇಯ್ತಿರೋ ಜಿಂಕೆ ಕಿವಿ ನಿಮಿರಿಸುತ್ತೆ. ಇದನ್ನೇ ಕಾರ್ಡಿಗೆ ತನ್ನಿ.

ಹುಲಿಯ ನೆಗೆತ. 2 ಮನಾ. ಎದುರಾಳಿ ಬಳಿ ಒಂಟಿಯಾಗಿರೋ ಪ್ರಾಣಿಯನ್ನ ಕೊಲ್ಲು. (ಎರಡು ಇದ್ರೆ ಕೆಲಸ ಮಾಡಲ್ಲ. ಹುಲಿ-ಕುರಿ ಆಟದ ಷರತ್ತೇ.)

ಸೀಳುನಾಯಿ ಹಿಂಡು. 3 ಮನಾ. ನಿಮ್ಮ ಬಳಿ ಎಷ್ಟು ಪ್ರಾಣಿ ಇದೆಯೋ ಅಷ್ಟು ಏಟು. (ನಿಮ್ಮದು ಖಾಲಿ ಟೇಬಲ್ ಆದ್ರೆ ಸೊನ್ನೆ.)

ಆನೆ ಕಂದಕ. 2 ಮನಾ. ಪ್ರಾಣಿ ಸಾಯಲ್ಲ, ದಾಳಿ ಮಾಡೋಕಾಗಲ್ಲ. ಮ್ಯಾಜಿಕ್‌ನ ಪ್ಯಾಸಿಫಿಸಂ ಹತ್ತಿರದ್ದು, ಆದ್ರೆ ನಮ್ಮದರಲ್ಲಿ ತಡೆಯೋಕೆ ಬಿಡ್ತೀವಿ. ಕಂದಕದ ಆ ಕಡೆ ಆನೆ ಇನ್ನೂ ಆನೆಯೇ.

ಅರವಳಿಕೆ. 1 ಮನಾ. ಎರಡು ಸರದಿ ಪ್ರಾಣಿ ಏಳಲ್ಲ. ಆಮೇಲೆ ಎದ್ದು ಬರುತ್ತೆ.

ರಾತ್ರಿ ಗೇಟ್. 2 ಮನಾ. ಈ ಸರದಿ ಯಾರೂ ದಾಳಿ ಮಾಡೋ ಹಾಗಿಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತೇರಿ ಕಡೆಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇರೋದು ಗೊತ್ತಲ್ಲ, ಅದೇ.

ಮುಸುವದ ಕೂಗು. 1 ಮನಾ. ನಿಮ್ಮ ಒಂದು ಪ್ರಾಣಿಗೆ ಬರ್ತಿರೋ ರಿಮೂವಲ್ ತಪ್ಪಿಸು.

ನೋಡಿ, ಇದರಲ್ಲಿ ಕೊಲ್ಲೋದು ಎರಡೇ. ಉಳಿದದ್ದು ತಡೆಯೋದು, ಮಲಗಿಸೋದು, ಸಮಯ ಕೊಡೋದು, ಉಳಿಸೋದು. ಎದುರಿನವರ ಪ್ರಾಣಿಗೆ ಉತ್ತರ ಕೊಡೋಕೆ ಪ್ರತಿ ಸಲವೂ ಕೊಲ್ಲಲೇಬೇಕು ಅಂತಿಲ್ಲ.

ಡಬ್ಬದ ಲೆಕ್ಕ | 8/12
ಲಂಟಾನ ಮತ್ತು ತರಗುಬೆಂಕಿ

ಬಂಡೀಪುರ ಸಫಾರಿಗೆ ಹೋಗಿದ್ರೆ ರಸ್ತೆ ಪಕ್ಕ ಲಂಟಾನ ಪೊದೆ ನೋಡಿರ್ತೀರಿ. ಹೊರದೇಶದಿಂದ ಬಂದ ಗಿಡ. ಹೂವು ಚೆಂದ. ಆದ್ರೆ ಅದು ನೆಲ ಪೂರ್ತಿ ಮುಚ್ಚಿದ್ರೆ ಹುಲ್ಲು ಬರಲ್ಲ. ಹುಲ್ಲಿಲ್ಲದಿದ್ರೆ ಜಿಂಕೆ, ಕಾಟಿಗೆ ಮೇವಿಲ್ಲ. ಅಗ್ಗದ ರಿಮೂವಲ್ ಡಬ್ಬದಲ್ಲಿ ಮಾಡೋದು ಇದೇ ಕೆಲಸ. ತಾನು ಚೆನ್ನಾಗೇ ಬೆಳೆಯುತ್ತೆ, ಬೇರೆ ಯಾವುದನ್ನೂ ಬೆಳೆಯೋಕೆ ಬಿಡಲ್ಲ.

ಇದಕ್ಕೆ ಕೆಲವರು ಕೊಡೋ ಪರಿಹಾರ: "ಸಣ್ಣ ರಿಮೂವಲ್ ಎಲ್ಲಾ ತೆಗೆದುಬಿಡೋಣ, ಎರಡು ಮೂರು ದೊಡ್ಡದು ಮಾತ್ರ ಇಡೋಣ." ನಾನು ಒಪ್ಪಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯೋ ಮುಂಚೆ ನೆಲದ ಒಣ ಎಲೆಗೆ ಸಣ್ಣ ಬೆಂಕಿ ಹಾಕ್ತಿದ್ರು. ತರಗುಬೆಂಕಿ. ಅದು ಎತ್ತರಕ್ಕೆ ಏಳ್ತಿರಲಿಲ್ಲ, ಲಂಟಾನದಂಥ ಪೊದೆ ಮೇಲೇಳೋಕೂ ಬಿಡ್ತಿರಲಿಲ್ಲ. ಆಮೇಲೆ ಆ ಪದ್ಧತಿ ನಿಷೇಧ ಆಯ್ತು, ಪೊದೆ ಹೆಚ್ಚಿತು ಅಂತ ಸೋಲಿಗರೇ ಹೇಳ್ತಾರೆ. ಇನ್ನು ದೊಡ್ಡ ಕಾಳ್ಗಿಚ್ಚು ಏನು ಮಾಡುತ್ತೆ ಅನ್ನೋದನ್ನ 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾವೇ ನೋಡಿದ್ದೀವಿ.

ಡಬ್ಬದಲ್ಲೂ ಹೀಗೇ. ಸಣ್ಣ ಪ್ರಾಣಿಗಳನ್ನ ಮಾತ್ರ ಹೊಡೆಯೋ 1, 2 ಮನಾದ ಕಾರ್ಡು ಬೇಕು. ಇಲ್ಲದಿದ್ರೆ ಎರಡನೇ ಸರದಿಗೆ ಮೂರು ಸೀಳುನಾಯಿ ಇಳಿಸಿದವನನ್ನ ತಡೆಯೋರಿಲ್ಲ. ಟೇಬಲ್ ಪೂರ್ತಿ ಗುಡಿಸಿಹಾಕೋ ಕಾರ್ಡು ಮಾತ್ರ ಎರಡೇ ಸಾಕು, ಅದೂ 5 ಮನಾ ಮೇಲೆ. 1993ರ ರಾತ್ ಆಫ್ ಗಾಡ್ 4 ಮನಾಗೇ ಎಲ್ಲಾ ಪ್ರಾಣಿ ಕೊಲ್ಲುತ್ತೆ. ಹೊಸಬರ ಟೇಬಲ್ಲಿಗೆ ಅದು ಬೇಡ.

48ನ್ನ ನಾನು ಹಂಚೋದು ಹೀಗೆ: ಅಗ್ಗದ್ದು, ಸಣ್ಣದಕ್ಕೆ ಮಾತ್ರ ತಾಗೋದು 16. ಮಧ್ಯಮ ಬೆಲೆ, ಒಂದು ಷರತ್ತು ಇರೋದು 20. ದುಬಾರಿ, ಷರತ್ತಿಲ್ಲದ್ದು 10. ಕಾಳ್ಗಿಚ್ಚು 2.

ಡಬ್ಬದ ಲೆಕ್ಕ | 9/12
ಬಣ್ಣ

ಮ್ಯಾಜಿಕ್‌ನಲ್ಲಿ ಐದು ಬಣ್ಣ: ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಹೆಚ್ಚಿನವರು ಎರಡು ಬಣ್ಣದ ಡೆಕ್ ಕಟ್ತಾರೆ. ಹಳೇ ರೂಢಿಯಂತೆ ಒಳ್ಳೆ ರಿಮೂವಲ್ ಎಲ್ಲಾ ಕಪ್ಪು, ಕೆಂಪಿಗೆ ಹಾಕಿದ್ರೆ ಏನಾಗುತ್ತೆ? ಎಂಟು ಜನರಲ್ಲಿ ಆರು ಜನ ಆ ಎರಡು ಬಣ್ಣಕ್ಕೇ ಬೀಳ್ತಾರೆ. ಹಸಿರು ತಗೊಂಡ ಹೊಸ ಹುಡುಗನಿಗೆ ದೊಡ್ಡ ದೊಡ್ಡ ಪ್ರಾಣಿ ಸಿಗುತ್ತೆ, ಎದುರಿನವರದ್ದನ್ನ ಮುಟ್ಟೋಕೆ ಒಂದೂ ಕಾರ್ಡು ಇರಲ್ಲ.

ಎಲ್ಲಾ ಬಣ್ಣಕ್ಕೂ ಸಮ ಕೊಡಿ ಅಂತಲೂ ನಾನು ಹೇಳಲ್ಲ. ಹಾಗೆ ಮಾಡಿದ್ರೆ ಬಣ್ಣಕ್ಕೆ ಗುಣವೇ ಇರಲ್ಲ. ನನ್ನ ಹಂಚಿಕೆ: ಕಪ್ಪು 13, ಕೆಂಪು 13, ಬಿಳಿ 10, ನೀಲಿ 6, ಹಸಿರು 6.

ಆದ್ರೆ ರೀತಿ ಬೇರೆ ಬೇರೆ. ಕಪ್ಪು ಕೊಲ್ಲುತ್ತೆ, ಸ್ವಲ್ಪ ಜೀವ ಕಳ್ಕೊಂಡು. ಕೆಂಪು ಸುಡುತ್ತೆ, ದೊಡ್ಡದಕ್ಕೆ ಸಾಲದು. ಬಿಳಿ ಕಂದಕ ತೋಡುತ್ತೆ. ನೀಲಿ ಮಲಗಿಸುತ್ತೆ, ಇಲ್ಲಾ ಕೈಗೆ ವಾಪಸ್ ಕಳಿಸುತ್ತೆ. ಹಸಿರು ತನ್ನ ಪ್ರಾಣಿಯನ್ನ ಎದುರಿನದರ ಜೊತೆ ಕಾದಾಡಿಸುತ್ತೆ. ಹಸಿರಿನದ್ದಕ್ಕೆ ಸ್ವಂತ ಪ್ರಾಣಿ ಬದುಕಿರಲೇಬೇಕು. ಕಾದಾಡಿಸೋ ಕಾರ್ಡು ಹಾಕಿದ ತಕ್ಷಣ ಎದುರಿನವರು ಆ ಪ್ರಾಣಿಯನ್ನ ಹೊಡೆದ್ರೆ ಎರಡೂ ಹೋಯ್ತು. ಅದಕ್ಕೇ ಕಾದಾಟದ ಕಾರ್ಡು 1, 2 ಮನಾದಲ್ಲಿದ್ರೂ ಪರವಾಗಿಲ್ಲ.

ಪ್ಯಾಕ್ ತೆರೆದಾಗ ಒಂದು ಪರೀಕ್ಷೆ ಮಾಡಿ. 15ರಲ್ಲಿ ಎರಡು ರಿಮೂವಲ್ ಇದೆ. ಎಲ್ಲರೂ ಯೋಚನೆಯೇ ಮಾಡದೆ ಅದನ್ನೇ ಎತ್ತುತ್ತಾ ಇದ್ರೆ ಆ ಕಾರ್ಡು ಅತಿ ಬಲ. ಯಾರೂ ಎತ್ತದೆ ಕೊನೆವರೆಗೆ ಸುತ್ತಿದ್ರೆ ಅತಿ ದುರ್ಬಲ. "ಇದಾ, ಕಾಟಿಯಾ?" ಅಂತ ಕೈ ತಡವರಿಸಿದ್ರೆ ನೀವು ಗೆದ್ರಿ.

ಡಬ್ಬದ ಲೆಕ್ಕ | 10/12
"ಅಣ್ಣಾ, ಆದ್ರೆ..."

ಇದಕ್ಕೆ ಬರೋ ಆಕ್ಷೇಪ ನನಗೆ ಗೊತ್ತು. ಮೂರಕ್ಕೆ ಉತ್ತರ ಹೇಳ್ತೀನಿ.

"ರಿಮೂವಲ್ ಬಲ ಕಮ್ಮಿ ಮಾಡಿದ್ರೆ ಬಾಂಬ್ ಕಾರ್ಡ್ ಬಂದವನೇ ಗೆಲ್ತಾನೆ." ಸರಿ. ಹಾಗಾದ್ರೆ ಬಾಂಬ್ ಬಲವನ್ನೂ ಇಳಿಸಿ. ಒಂಟಿಯಾಗಿ ಆಟ ಮುಗಿಸೋ ಸಲಗ ಡಬ್ಬದಲ್ಲಿ ಹತ್ತು ಇದ್ರೆ, ಅದಕ್ಕೆ ಉತ್ತರವಾಗಿ ಬಲವಾದ ರಿಮೂವಲ್ ಬೇಕಾಗುತ್ತೆ. ಬಲವಾದ ರಿಮೂವಲ್ ಹಾಕಿದ್ರೆ ಮಧ್ಯಮ ಪ್ರಾಣಿಗಳು ಸಾಯ್ತವೆ. ಎರಡೂ ಕಡೆ ಒಟ್ಟಿಗೆ ಇಳಿಸಿದ್ರೆ ಮಾತ್ರ ನಡುವಿನ ಕಾರ್ಡುಗಳಿಗೆ ಜೀವ ಬರುತ್ತೆ.

"ಹಾಗಾದ್ರೆ ರಿಮೂವಲ್ ಮುಟ್ಟಲಾಗದ ಪ್ರಾಣಿ ಹಾಕೋಣ." ಬೇಡ. ಅದು ಗಾಯಕ್ಕೆ ಔಷಧಿ ಬಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಅಂಥ ಪ್ರಾಣಿ ಇಳಿದ್ರೆ ಎದುರಿನವರು ಕೈಲಿ ಮೂರು ರಿಮೂವಲ್ ಹಿಡ್ಕೊಂಡು ಸುಮ್ನೆ ಸೋಲ್ತಾರೆ. ಬದಲಿಗೆ ಇಳಿದ ಕೂಡಲೇ ಏನಾದ್ರೂ ಕೊಡೋ ಪ್ರಾಣಿ ಹಾಕಿ. ಇಳಿದಾಗ ಒಂದು ಕಾರ್ಡ್ ಎಳೆಯೋ ಅಳಿಲು, ಸತ್ತಾಗ ಮರಿ ಬಿಟ್ಟು ಹೋಗೋ ಜಿಂಕೆ. ಸತ್ರೂ ಪೂರ್ತಿ ನಷ್ಟ ಅಲ್ಲ. ಮ್ಯಾಜಿಕ್‌ನ ಮಲ್‌ಡ್ರಿಫ್ಟರ್ ಇದೇ ಕಾರಣಕ್ಕೆ ಜನಪ್ರಿಯ: ಇಳಿದಾಗಲೇ ಎರಡು ಕಾರ್ಡ್ ಕೊಡುತ್ತೆ, ಆಮೇಲೆ ಸತ್ರೆ ಸಾಯ್ಲಿ.

"ಹಳಬರಿಗೆ ಬೋರ್ ಆಗುತ್ತೆ." ಇದು ಮಾತ್ರ ಸ್ವಲ್ಪ ನಿಜ. ಒಂದೇ ಕಾರ್ಡಲ್ಲಿ ಆಟ ತಿರುಗಿಸೋ ಖುಷಿ ಬೇರೆ. ಆದ್ರೆ ಷರತ್ತಿರೋ ಕಾರ್ಡನ್ನ ಸರಿಯಾದ ಹೊತ್ತಿಗೆ ಬಳಸೋದಕ್ಕೆ ಜಾಸ್ತಿ ಬುದ್ಧಿ ಬೇಕು. ನೀವು ನಿಜವಾಗ್ಲೂ ಒಳ್ಳೆ ಆಟಗಾರರಾಗಿದ್ರೆ ಅಲ್ಲೂ ಗೆಲ್ತೀರಿ. ಗೆಲ್ಲೋಕೆ ಇನ್ನೂ ಎರಡು ಸರದಿ ಜಾಸ್ತಿ ಬೇಕಾಗುತ್ತೆ, ಅಷ್ಟೇ.

ಡಬ್ಬದ ಲೆಕ್ಕ | 11/12
ನಮ್ಮೂರಿಗೆ ಹೆಸರಿಟ್ಟ ರಾಜನೂ ಆಟ ಕಟ್ಟುತ್ತಿದ್ದ

ನಮ್ಮೂರಿನ ಹಳೇ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ್ 1818ರಲ್ಲಿ ಇಲ್ಲೇ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಲ್ಲಿ ಅದನ್ನ ಚಾಮರಾಜನಗರ ಮಾಡಿದ್ರು. ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದ್ದೂ ಅವರೇ, 1826ರಲ್ಲಿ. ಇಷ್ಟು ಸ್ಕೂಲಲ್ಲಿ ಕೇಳಿರ್ತೀರಿ.

ಕೇಳಿರದ ವಿಷಯ ಇದು: ಅವರು ದೊಡ್ಡ ಆಟದ ಹುಚ್ಚಿನವರು. ಚದುರಂಗ, ಬೋರ್ಡಾಟಗಳ ಜೊತೆಗೆ ಗಂಜೀಫಾ ಕಾರ್ಡಾಟದಲ್ಲೂ ಹೊಸ ಹೊಸ ರೀತಿ ಕಟ್ಟಿದ್ರು. ದಶಾವತಾರ ಗಂಜೀಫಾದಲ್ಲಿ 10 ರಂಗು, ರಂಗಿಗೆ 12ರಂತೆ 120 ಎಲೆ. ಮುಮ್ಮಡಿಯವರು ಛದ್ ಗಂಜೀಫಾ ಹೆಸರಲ್ಲಿ 18 ರಂಗಿನ ಆಟದವರೆಗೂ ಹೋದ್ರು. ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಇಂಥ ಆಟಗಳ ವಿವರ ಇದೆ. ಎಲೆಗಳ ಚಿತ್ರ ನೋಡಿದ್ರೆ ಕಣ್ಣು ಕೀಳೋಕಾಗಲ್ಲ.

ಆದ್ರೆ ಆ ಆಟಗಳು ಅರಮನೆ ದಾಟಿ ಜನರ ಜಗಲಿಗೆ ಬರಲಿಲ್ಲ. ಬಹಳ ಜಟಿಲ. ಜಗಲಿಯಲ್ಲಿ ಉಳಿದದ್ದು ಹುಲಿ-ಕುರಿ, ಚೌಕಾಬಾರ. ಒಂದು ನಿಮಿಷದಲ್ಲಿ ಹೇಳಿಕೊಡಬಹುದಾದ್ದು.

ಇದರಿಂದ ನಾನು ಕಲಿಯೋದು: ರಿಮೂವಲ್‌ಗೆ ಷರತ್ತು ಹಾಕಿ, ಆದ್ರೆ ಆ ಷರತ್ತು ಒಂದೇ ಸಾಲಲ್ಲಿ ಮುಗೀಬೇಕು. "ಎದುರಾಳಿ ಬಳಿ ಒಂಟಿಯಾಗಿರೋ ಪ್ರಾಣಿ" ಸರಿ. "ಈ ಸರದಿ ದಾಳಿ ಮಾಡದ, ಬಲ 3ಕ್ಕಿಂತ ಕಮ್ಮಿ ಇರೋ, ಹಸಿರಲ್ಲದ ಪ್ರಾಣಿ" ತಪ್ಪು. ಅದನ್ನ ಓದಿ ಅರ್ಥ ಮಾಡ್ಕೊಳ್ಳೋಷ್ಟರಲ್ಲಿ ಬಸ್ ಹೋಗಿರುತ್ತೆ. ಕನ್ನಡದಲ್ಲೇ ಬರೀರಿ. ಎದುರಿನವರ ಕಾರ್ಡನ್ನ ತಲೆಕೆಳಗಾಗಿ ಓದಿದ್ರೂ ತಿಳೀಬೇಕು.

ಡಬ್ಬದ ಲೆಕ್ಕ | 12/12
ಈ ವಾರದ ಕೆಲಸ

ನಿಮ್ಮ ಡಬ್ಬ ಸುರಿದು ರಿಮೂವಲ್ ಬೇರೆ ಮಾಡಿ. ನಾಲ್ಕು ಗುಡ್ಡೆ: ಅಗ್ಗದ್ದು, ಮಧ್ಯಮ, ದುಬಾರಿ, ಕಾಳ್ಗಿಚ್ಚು. ಪ್ರತಿ ಕಾರ್ಡು ಹಿಡಿದು ಒಂದೇ ಪ್ರಶ್ನೆ ಕೇಳಿ: ಇದರಿಂದ ಎದುರಿನವರು ಹೇಗೆ ತಪ್ಪಿಸಿಕೊಳ್ಳಬಹುದು? ಉತ್ತರ "ಆಗಲ್ಲ" ಅಂತಾದ್ರೆ ಬೆಲೆ ಏರಿಸಿ, ಇಲ್ಲಾ ಹೊರಗಿಡಿ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಪ್ರತಿ ಆಟ ಮುಗಿದ ಮೇಲೆ ಇಬ್ಬರನ್ನೂ ಮೂರು ವಿಷಯ ಕೇಳಿ ಬರ್ಕೊಳ್ಳಿ. ಒಂದು, ನೀವು ಇಳಿಸಿದ ಪ್ರಾಣಿಗಳಲ್ಲಿ ಎಷ್ಟು ಒಂದು ಸಲವಾದ್ರೂ ದಾಳಿ ಮಾಡಿದ್ವು? ಎರಡು, ಯಾವ ಕಾರ್ಡಿಗೆ ಸತ್ತಾಗ ಸಿಟ್ಟು ಬಂತು? ಮೂರು, ಕೈಲಿ ಬಳಸೋಕಾಗದೆ ಉಳಿದ ರಿಮೂವಲ್ ಯಾವ್ದು? ನಾಲ್ಕು ವಾರ ಬರೆದ್ರೆ ಸಾಕು, ಯಾವ ಕಾರ್ಡು ಕಾಟ ಕೊಡ್ತಿದೆ ಅಂತ ಅದೇ ತೋರಿಸುತ್ತೆ. ನಿಮ್ಮ ಊಹೆ, ನನ್ನ ಊಹೆ, ಎರಡಕ್ಕಿಂತ ಆ ಪುಸ್ತಕ ನಂಬಿಕೆಗೆ ಅರ್ಹ. ಇಲ್ಲಿ ಹೇಳಿದ 48ನ್ನೂ ಅದರ ಮುಂದೆ ಇಟ್ಟು ಬದಲಾಯಿಸಿ.

ಮುಖ್ಯವಾಗಿ, ಮೊದಲ ಸಲ ಬಂದವರನ್ನ ಕೇಳಿ. ಹಳಬರು ಯಾವಾಗ್ಲೂ "ಚೆನ್ನಾಗಿದೆ ಗುರೂ" ಅಂತಾರೆ, ಗೆದ್ದಿರ್ತಾರಲ್ಲ. ಹೊಸಬರು ಮೊದಲು ಸುಮ್ನಿರ್ತಾರೆ. ಚಹಾ ಕುಡಿಸಿ ಎರಡನೇ ಸಲ ಕೇಳಿದ್ರೆ ನಿಜ ಹೇಳ್ತಾರೆ.

ಮುಂದಿನ ಸರಣಿ ನೆಲದ ಕಾರ್ಡುಗಳ ಬಗ್ಗೆ: 17 ಸಾಕಾ, ಎರಡು ಬಣ್ಣ ಸರಿಯಾಗಿ ಬರಲ್ಲ ಯಾಕೆ ಅಂತ. ಅಲ್ಲಿವರೆಗೆ ನಿಮ್ಮ ಡಬ್ಬದಲ್ಲಿ ಅತಿ ಹೆಚ್ಚು ಸಿಟ್ಟು ತರಿಸೋ ರಿಮೂವಲ್ ಯಾವ್ದು, ಅದರ ಬೆಲೆ ಎಷ್ಟು ಅಂತ ಕಾಮೆಂಟಲ್ಲಿ ಹಾಕಿ. ಒಪ್ಪದೆ ಇರೋರು ಬನ್ನಿ, ಟೇಬಲ್ ಮೇಲೇ ಮಾತಾಡೋಣ. ಎಂಟನೇ ಕುರ್ಚಿ ಈ ಭಾನುವಾರ ಖಾಲಿ ಇದೆ.

#ಡಬ್ಬದಲೆಕ್ಕ #ಕನ್ನಡದಲ್ಲಿಕಾರ್ಡಾಟ #ಚಾಮರಾಜನಗರ #ಗುಂಡ್ಲುಪೇಟೆ #ಹುಲಿಕುರಿ